ಟೀ ಮಾಡಿಕೊಟ್ಟವರು

ಹತ್ತು ವರ್ಷ ಹಳೆಯದಾದ ಆ ಕಾರ್ಡನ್ನು ಗ್ಲೆನಿಸ್ ಪ್ಯಾಸ್ಕೋ ಎಸೆದಿರಲಿಲ್ಲ. ಅಡಿಗೆಮನೆಯ ಚಮಚಗಳ ಡ್ರಾಯರಿನಲ್ಲಿ, ದಿನಾ ಕೈಗೆ ತಗಲುವ ಹಾಗೆ ಇಟ್ಟುಕೊಂಡಿದ್ದಳು. ಸಿಟ್ಟು ಎಲ್ಲಿ ಆರಿಹೋಗುತ್ತದೋ ಎಂದು ಭಯವಾದಾಗಲೆಲ್ಲ ತೆಗೆದು ಓದುವಳು. ಓದಿದರೆ ಸಾಕು, ಮತ್ತೆ ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು.

ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಕಿಟ್ ತರಿಸಿ ಮನೆಯಲ್ಲೇ ಕಟ್ಟಿದ ಕಾರು. ಕಟ್ಟಿದವರು: ನೆವಿಲ್ ಟ್ರೆಗೆನ್ಸಾ. ಟೀ ಮಾಡಿಕೊಟ್ಟವರು: ಗ್ಲೆನಿಸ್.’

ಟೀ ಅಂತೆ, ಟೀ! ಇಂಗ್ಲೆಂಡಿನಿಂದ ಆ ಕಾರು ಬಂದದ್ದು ಕಾರಾಗಿ ಅಲ್ಲ, ಒಂದು ದೊಡ್ಡ ಮರದ ಪೆಟ್ಟಿಗೆಯಾಗಿ. ಒಳಗೆ ಕಬ್ಬಿಣದ ಚೌಕಟ್ಟು, ಫೈಬರಿನ ಮೈ, ನಟ್ಟು ಬೋಲ್ಟುಗಳ ಚೀಲಗಳು. ಅದನ್ನು ಆರು ವರ್ಷ ಶೆಡ್ಡಿನಲ್ಲಿ ಕೂತು ಜೋಡಿಸಿದ್ದು ಗಂಡಹೆಂಡತಿ ಇಬ್ಬರೂ. ಎಂಜಿನ್ನು, ಚಕ್ರ, ಸ್ಪ್ರಿಂಗು ನೆವಿಲ್‌ನದು. ವೈರಿಂಗ್ ಪೂರಾ ಗ್ಲೆನಿಸಳದು. ಬ್ರೇಕಿನ ಕೊಳವೆಗಳನ್ನು ಬಗ್ಗಿಸಿದ್ದು ಅವಳು, ಸೀಟಿನ ಚರ್ಮ ಹೊಲಿದದ್ದು ಅವಳು, ಮೈಗೆ ಏಳು ಸಲ ಉಜ್ಜುಕಾಗದ ಹಾಕಿ ಹಸಿರು ಬಣ್ಣ ಹೊಡೆದದ್ದು ಅವಳು. ಇನ್ನು ಕಾಗದಪತ್ರ? ಪೋರ್ಟ್ ಅಡಿಲೇಡ್ ಬಂದರಿನ ಕಸ್ಟಮ್ಸ್ ಏಜೆಂಟರ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು ಅವಳು. ಕಿಟ್ಟಿನ ಬೆಲೆ, ಹಡಗಿನ ಬಾಡಿಗೆ, ವಿಮೆ, ಸುಂಕ, ಜಿಎಸ್‌ಟಿ, ಬಂದರಿನ ಚಾರ್ಜು, ಕಾರು ರಸ್ತೆಗೆ ಲಾಯಕ್ಕು ಎಂದು ಸಹಿ ಹಾಕುವ ಎಂಜಿನಿಯರನ ಫೀಜು, ಕೊನೆಗೆ ನಂಬರ್ ಪ್ಲೇಟಿನ ಎರಡು ಸ್ಕ್ರೂ, ಎಲ್ಲವನ್ನೂ ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಮೊದಲೇ ಬರೆದಿಟ್ಟಿದ್ದಳು. ಕಟ್ಟಕಡೆಯ ಸಾಲು ಅವಳದೇ ಪದ್ಧತಿ: ‘ಮರೆತದ್ದಕ್ಕೆ: ನೂರಕ್ಕೆ ಇಪ್ಪತ್ತು.’ ಯಾವುದನ್ನು ಮರೆತಿದ್ದೇವೆ ಎಂದು ಮೊದಲೇ ಗೊತ್ತಿದ್ದರೆ ಅದು ಮರೆತದ್ದೇ ಅಲ್ಲವಲ್ಲ! ಆ ಇಪ್ಪತ್ತೇ ಅವರನ್ನು ಕಾಪಾಡಿದ್ದು.

ಇಂಥ ಕಾರು ಕಟ್ಟುವವರ ಕ್ಲಬ್ಬಿನ ಪ್ರದರ್ಶನ ನಡೆಯುವುದು ಮಾರ್ಚಿನಲ್ಲಿ, ಸಮುದ್ರದ ಪಕ್ಕದ ಹುಲ್ಲಿನ ಮೈದಾನದಲ್ಲಿ. ಸಾಲಾಗಿ ಕಾರುಗಳು, ಪ್ರತಿ ಕಾರಿನ ಮುಂದಿನ ಗಾಜಿಗೆ ಒಂದು ಕಾರ್ಡು. ಮನೆಯಲ್ಲಿ ಕಾರು ಕಟ್ಟುವ ಜನಕ್ಕೆ ಆ ಕಾರ್ಡು ದೇವರ ಪಟವಿದ್ದ ಹಾಗೆ. ಯಾರು ಏನು ಕೊಂಡರು ಅನ್ನುವುದನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಯಾರು ಕಟ್ಟಿದರು ಅನ್ನುವುದೇ ಮುಖ್ಯ. ಆ ವರ್ಷ ಪ್ರಶಸ್ತಿ ಗೆದ್ದದ್ದು ಹಸಿರು ಕಾರೇ. ನೆವಿಲ್ ಬರೆದ ಕಾರ್ಡನ್ನು ಗ್ಲೆನಿಸ್ ನೋಡಿದ್ದು ಚಪ್ಪಾಳೆಯ ನಡುವೆ.

“ಏನ್ ಗ್ಲೆನ್, ನಮಗೂ ಒಂದ್ ಕಪ್ ಸಿಗುತ್ತಾ?” ಎಂದು ಸಾಸೇಜು ಸುಡುತ್ತಿದ್ದ ಗಂಡಸರು ನಕ್ಕರು. ಅವಳೂ ನಕ್ಕಳು. ಆ ನಗುವಿಗೆ ತನ್ನನ್ನು ತಾನು ಇವತ್ತಿಗೂ ಕ್ಷಮಿಸಿಲ್ಲ.

ಮಾರನೆಯ ವರ್ಷ ಮದುವೆ ಮುರಿಯಿತು. ಇಪ್ಪತ್ತೇಳು ವರ್ಷದ್ದು. ಕಾರ್ಡೊಂದೇ ಕಾರಣವಲ್ಲ, ಆದರೆ ಕಾರ್ಡೂ ಒಂದು ಕಾರಣ. ಪಾಲು ಮಾಡುವ ದಿನ ಅವಳು ಕೇಳಿದ್ದು ಒಂದೇ, ಹಸಿರು ಕಾರು. ವಕೀಲರ ಮುಂದೆಯೇ ನೆವಿಲ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಅಯ್ಯೋ, ಅದನ್ನ ತಗೊಂಡು ನೀನೇನ್ಮಾಡ್ತೀಯೇ? ಒಂದು ಬೋಲ್ಟ್ ಸಡಿಲ ಆದ್ರೆ ನಂಗೇ ಫೋನ್ ಮಾಡ್ತೀಯ!” ಕಾರು ಅವನ ಹೆಸರಿನಲ್ಲಿತ್ತು, ಅವನದಾಯಿತು. ಸೆಮಫೋರ್ ಬಡಾವಣೆಯಲ್ಲಿ ಒಂದು ಶೆಡ್ಡಿರುವ ಸಣ್ಣ ಮನೆ ಅವಳದಾಯಿತು. ಶೆಡ್ಡು ಒಂಬತ್ತು ವರ್ಷ ಖಾಲಿ ಇತ್ತು. ಅಲ್ಲಿ ಒಂದು ಸೈಕಲ್ಲನ್ನೂ ಇಡಲು ಅವಳು ಒಪ್ಪಲಿಲ್ಲ. ಇಂಥಾ ಹಟ ಅವಳದು.

ಒಂದು ಭಾನುವಾರ ಬೆಳಗ್ಗೆ ನೆವಿಲ್ ಬಂದ, ಕೈಯಲ್ಲಿ ಬೇಕರಿಯ ಕ್ರೀಮು ತುಂಬಿದ ಕಿಚನರ್ ಬನ್ನುಗಳ ಪೊಟ್ಟಣ. ಮುಖದಲ್ಲಿ ಬೆಣ್ಣೆ ಹಚ್ಚುವ ನಗು.

“ಕೆಟಲ್ ಇಡೇ ಗ್ಲೆನ್, ಗಂಟಲು ಒಣಗಿದೆ.”

ಒಂಬತ್ತು ವರ್ಷದ ಮೇಲೆ ಬಾಗಿಲು ತುಳಿದವನ ಮೊದಲ ಮಾತು ಅದು! ಅವಳು ಹಲ್ಲು ಕಚ್ಚಿಕೊಂಡು ಕೆಟಲ್ ಇಟ್ಟಳು. ಕೈ ತಾನಾಗಿಯೇ ಮೂರು ಚಮಚ ಸಕ್ಕರೆ ಹಾಕಿತು. ದರಿದ್ರ ಕೈ, ಅದಕ್ಕೆ ಮರೆವೇ ಇಲ್ಲ.

“ಇನ್ನೊಂದು ಕಿಟ್ ತರಿಸ್ತಿದೀನಿ ಕಣೇ. ಅದೇ ಕಂಪನಿದು, ಅದಕ್ಕಿಂತ ದೊಡ್ಡದು. ಕ್ಲಬ್ಬಲ್ಲಿ ಯಾರಿಗೂ ಹೇಳಿಲ್ಲ. ಎಲ್ರೂ ಬಾಯಿ ಬಿಟ್ಕೊಂಡು ನೋಡ್ಬೇಕು, ಹಂಗೆ ಬರ್ತೀನಿ.” ಬನ್ನಿನ ಕ್ರೀಮು ಅವನ ಮೀಸೆಗೆ ಅಂಟಿತ್ತು. “ನಿನ್ನ ಆ ನೀಲಿ ಪುಸ್ತಕ ಇದೆಯಲ್ಲ, ಖರ್ಚಿಂದು, ಅದು ಬೇಕಿತ್ತು.”

“ಅದು ಹದಿನೈದು ವರ್ಷದ ಹಿಂದಿಂದು ನೆವ್.”

“ರೇಟ್ ನಾನು ಹೊಸದು ಹಾಕ್ಕೋತೀನಿ ಬಿಡು. ಯಾವ್ಯಾವ ಬಾಬ್ತು ಅಂತ ಗೊತ್ತಾದ್ರೆ ಸಾಕು.”

ಗ್ಲೆನಿಸ್ ತಣ್ಣಗೆ ಕೇಳಿದಳು, “ನಾನೊಂದ್ಸಲ ಕೂತು ಕಣ್ಣಾಡಿಸಿ ಕೊಡ್ಲಾ? ಬಂದರಿನ ಕೆಲಸ ನಾನು ಬಿಟ್ಟು ಎರಡೇ ವರ್ಷ ಆಗಿರೋದು.”

“ಅಯ್ಯೋ, ಟೈಪ್ ಮಾಡೋ ಕೆಲಸಕ್ಕೆಲ್ಲ ನಿನಗ್ಯಾಕೆ ತೊಂದ್ರೆ! ಪುಸ್ತಕ ಕೊಡು ಸಾಕು. ನಿನ್ನ ತಲೆ ಏನೂ ಬೇಡ.” ತಾನು ಹೇಳಿದ್ದು ದೊಡ್ಡ ಜೋಕು ಎಂಬಂತೆ ನಕ್ಕ.

ಆಹಾ, ಟೈಪ್ ಮಾಡೋ ಕೆಲಸ! ಅವಳು ಎದ್ದು ಹೋಗಿ ಪುಸ್ತಕ ತಂದು ಅವನ ಮುಂದಿಟ್ಟಳು. ಒಂದು ಅಕ್ಷರ ತಿದ್ದಲಿಲ್ಲ, ಒಂದು ಹಾಳೆ ಹರಿಯಲಿಲ್ಲ. ಅವನು ಅಲ್ಲೇ ಕೂತು ಪುಟ ತಿರುವಿದ. ಕೊನೆಯ ಸಾಲಿಗೆ ಬಂದಾಗ ಹುಬ್ಬೇರಿಸಿದ.

“ಮರೆತದ್ದಕ್ಕೆ ನೂರಕ್ಕೆ ಇಪ್ಪತ್ತಾ? ಇನ್ನೂ ಇದೇ ಹುಚ್ಚಾ ನಿಂದು? ನಾನೇನೂ ಮರೆಯಲ್ಲಮ್ಮ.” ಜೇಬಿನಿಂದ ಪೆನ್ನು ತೆಗೆದು ಆ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದ. “ನೋಡು, ಒಂಬತ್ತು ಸಾವಿರ ಡಾಲರ್ ಇಲ್ಲೇ ಉಳೀತು!”

ಆ ಗೀಟು ಎಳೆದ ಕ್ಷಣ ಅವಳ ಎದೆಯಲ್ಲಿ ಏನೋ ಹಾಯೆನಿಸಿತು. ಯಾಕೆಂದರೆ ಪುಸ್ತಕದ ಹನ್ನೊಂದನೇ ಪುಟದಲ್ಲಿ ಅವಳದೇ ಕೈಬರಹದಲ್ಲಿ ಇನ್ನೊಂದು ಮಾತಿತ್ತು: ‘ಹಡಗಿನ ಬಾಡಿಗೆ ತೂಕಕ್ಕಲ್ಲ, ಜಾಗಕ್ಕೆ. ಪೆಟ್ಟಿಗೆಯಲ್ಲಿ ಒಂದು ಮೂಲೆಯೂ ಖಾಲಿ ಬಿಡಬಾರದು. ಹಳೇ ಎಂಜಿನ್, ಕ್ಲಚ್ಚು, ಬ್ರೇಕು ಅಲ್ಲೇ ಅಗ್ಗ, ಅವನ್ನೇ ತುಂಬಿಸುವುದು.’ ಆ ಕಾಲಕ್ಕೆ ಅದು ಜಾಣತನ. ಆಗ ಪೆಟ್ಟಿಗೆಯ ಒಳಗೆ ಯಾರೂ ಇಣುಕಲಿಲ್ಲ. ಈಗ ಹಾಗಲ್ಲ. ಹಳೇ ಕಾರಿನ ಕ್ಲಚ್ಚು, ಬ್ರೇಕು, ಎಂಜಿನ್ನಿನ ಗ್ಯಾಸ್ಕೆಟ್ಟು ಅಂದರೆ ಆಸ್ಬೆಸ್ಟಾಸ್, ಆಸ್ಬೆಸ್ಟಾಸ್ ಅಂದರೆ ಶ್ವಾಸಕೋಶಕ್ಕೆ ವಿಷ, ಈ ದೇಶದೊಳಗೆ ಕಾಲಿಡುವ ಹಾಗಿಲ್ಲ. ಗುಮಾನಿ ಬಂದರೆ ಪೆಟ್ಟಿಗೆ ಹಿಡಿದು ನಿಲ್ಲಿಸುತ್ತಾರೆ, ಒಂದೊಂದು ಬಿಡಿಭಾಗಕ್ಕೂ ಬೇರೆ ಬೇರೆ ಪರೀಕ್ಷೆ, ಎಲ್ಲ ತರಿಸಿದವನ ಖರ್ಚಿನಲ್ಲಿ. ಪರೀಕ್ಷೆ ಮುಗಿಯುವವರೆಗೆ ಗೋದಾಮಿನ ಬಾಡಿಗೆ ದಿನಕ್ಕಿಷ್ಟು ಎಂದು ಏರುತ್ತಲೇ ಇರುತ್ತದೆ. ಇಂಥಾ ಎಷ್ಟೋ ಜನರ ಕಣ್ಣೀರಿನ ಕಾಗದಗಳನ್ನು ಗ್ಲೆನಿಸ್ ಆಫೀಸಿನಲ್ಲಿ ತಾನೇ ಫೈಲು ಮಾಡಿದ್ದಳು.

“ಇನ್ನೇನಾದ್ರೂ ಕೇಳೋದಿದೆಯಾ ನೆವ್?” ಎಂದು ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದಳು.

“ಏನಿರುತ್ತೆ? ಟೀ ಚೆನ್ನಾಗಿತ್ತು,” ಎಂದು ಹೇಳಿ ಹೋದ.

ಅವತ್ತೇ ಮಧ್ಯಾಹ್ನ ಅವಳು ಇನ್ನೊಂದು ಪುಸ್ತಕ ತೆಗೆದಳು. ಮೊದಲ ಪುಟದಲ್ಲಿ ‘ಹಸಿರು ಕಾರು’ ಎಂದು ಬರೆದಿತ್ತು. ಒಂಬತ್ತು ವರ್ಷದಿಂದ ತಿಂಗಳಿಗಿಷ್ಟು ಎಂದು ಎತ್ತಿಟ್ಟು ಹದಿನೆಂಟು ಸಾವಿರ ಡಾಲರು ಕೂಡಿಸಿದ್ದಳು. ಕೊನೆಯ ಸಾಲು ಇಲ್ಲಿಯೂ ಅದೇ, ಮರೆತದ್ದಕ್ಕೆ ನೂರಕ್ಕೆ ಇಪ್ಪತ್ತು. ಕಾರಿಗೆ ಹದಿನೈದು ಸಾವಿರ, ಅದರ ನೂರಕ್ಕೆ ಇಪ್ಪತ್ತು ಅಂದರೆ ಮೂರು ಸಾವಿರ ಮರೆತದ್ದಕ್ಕೆ. ಹದಿನೈದಕ್ಕಿಂತ ಒಂದು ಡಾಲರು ಹೆಚ್ಚು ಕೊಡುವುದಿಲ್ಲ ಎಂದು ತೀರ್ಮಾನಿಸಿ ಪುಸ್ತಕ ಮುಚ್ಚಿದಳು.

ಎರಡು ತಿಂಗಳ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ಮರ್ವ್ ಓಪಿ ಫೋನು ಮಾಡಿದ. ಎಪ್ಪತ್ತರ ಮೇಲಿನ ಒಳ್ಳೆಯ ಮುದುಕ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. “ಗ್ಲೆನ್, ನಿನ್ನ ಹಳೇ ಗಂಡ ಕಿಟ್ ತರಿಸ್ತಿದಾನಂತೆ ಕಣಮ್ಮ! ನಿನ್ನೆ ಪಬ್ಬಲ್ಲಿ ಎರಡು ಬಿಯರ್ ಹೊಟ್ಟೆಗೆ ಹೋದ ಮೇಲೆ ಬಾಯಿಬಿಟ್ಟ. ಮುಂದಿನ ವಾರ ಅಲ್ಲಿ ಪೆಟ್ಟಿಗೆ ಮುಚ್ತಾರಂತೆ.”

ಮುಂದಿನ ವಾರ. ಅಂದರೆ ಇನ್ನೂ ಸಮಯವಿತ್ತು. ಒಂದು ಮಾತು ಸಾಕಿತ್ತು, ‘ನೆವ್, ಹಳೇ ಸಾಮಾನು ಹಾಕಿಸಬೇಡ.’ ಗ್ಲೆನಿಸ್ ಮರ್ವ್‌ನ ಮಾತು ಮುಗಿದ ಮೇಲೂ ಫೋನನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಇಪ್ಪತ್ತೇಳು ವರ್ಷ ಜೊತೆಗೆ ಉಂಡವನು. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಮೂರು ವಾರ ದಿನಾ ಅವಳನ್ನು ಅಲ್ಲಿಗೆ ಕಾರಿನಲ್ಲಿ ಕರೆದೊಯ್ದವನು. ಅದೂ ಸುಳ್ಳಲ್ಲ. ನಂಬರಿನ ಅರ್ಧ ಒತ್ತಿದಳು. ಆಮೇಲೆ ಡ್ರಾಯರು ಎಳೆದು ಕಾರ್ಡು ತೆಗೆದು ಓದಿದಳು, ಎರಡು ಸಲ. ಫೋನು ಕೆಳಗಿಟ್ಟು ಗಿಡಕ್ಕೆ ನೀರು ಹಾಕಲು ಹೋದಳು.

ಪೆಟ್ಟಿಗೆ ಬಂದರಿಗೆ ಬಂದದ್ದು ನವೆಂಬರಿನಲ್ಲಿ. ಹಿಡಿದು ನಿಲ್ಲಿಸಿದ್ದೂ ನವೆಂಬರಿನಲ್ಲೇ. ಸುದ್ದಿ ತಂದವನು ಮತ್ತೆ ಮರ್ವ್.

“ಅಯ್ಯೋ ಪಾಪ ಅನ್ಬೇಕೋ, ಅನುಭವಿಸು ಅನ್ಬೇಕೋ ಗೊತ್ತಾಗ್ತಿಲ್ಲ. ಹಳೇ ಎಂಜಿನ್, ಎರಡು ಕ್ಲಚ್ಚು, ಒಂದು ಡಬ್ಬಿ ಬ್ರೇಕ್ ಶೂ, ಏನೇನೋ ತುರುಕಿಸಿದಾನೆ! ಹದಿನಾಲ್ಕು ಸ್ಯಾಂಪಲ್ ತೆಗೆದ್ರಂತೆ. ನಮ್ಮನ್ನ ಯಾರನ್ನಾದ್ರೂ ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ? ಕ್ಲಬ್ಬಲ್ಲಿ ಈಗ ಚಿಕ್ಕ ಮಕ್ಕಳಿಗೂ ಗೊತ್ತು ಇದು.”

“ಯಾರಿಗೂ ಹೇಳ್ದೆ ತರಿಸ್ಬೇಕು ಅಂತಿದ್ದ ಪಾಪ,” ಎಂದಳು ಗ್ಲೆನಿಸ್. ಆ ‘ಪಾಪ’ವನ್ನು ಅವಳು ಚಪ್ಪರಿಸಿಕೊಂಡು ಹೇಳಿದಳು.

ಡಿಸೆಂಬರಿನಲ್ಲಿ ಪರೀಕ್ಷೆಯ ಫಲಿತಾಂಶ ಬಂತು, ಹದಿನಾಲ್ಕರ ಪೈಕಿ ಒಂಬತ್ತರಲ್ಲಿ ಆಸ್ಬೆಸ್ಟಾಸ್. ಅವನ್ನು ನಾಶಮಾಡುವ ಖರ್ಚು ಬೇರೆ. ಕ್ರಿಸ್‌ಮಸ್ಸಿಗೆ ಎಲ್ಲರೂ ರಜೆ ಹೋದರು, ಗೋದಾಮಿನ ಬಾಡಿಗೆ ಮಾತ್ರ ರಜೆ ಹಾಕಲಿಲ್ಲ. ಜನವರಿಯಲ್ಲಿ ಕ್ಲಬ್ಬಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡಿತು: ಹಸಿರು ಕಾರು, ಪ್ರಶಸ್ತಿ ಗೆದ್ದದ್ದು, ಇಪ್ಪತ್ತಾರು ಸಾವಿರ. ಗ್ಲೆನಿಸ್ ಕೂತಲ್ಲಿಂದ ಅಲ್ಲಾಡಲಿಲ್ಲ. ಯಾರಾದರೂ ಕೊಂಡುಬಿಟ್ಟರೆ? ಆ ಮೂರು ವಾರ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ. ಕಾರು ಕೈತಪ್ಪಿದರೆ ಈ ಸೇಡಿಗೆ ಅರ್ಥವೇ ಇಲ್ಲ, ಬರೀ ಒಬ್ಬ ಮುದುಕನನ್ನು ಹಾಳುಮಾಡಿದ ಹಾಗಾಗುತ್ತದೆ ಅಷ್ಟೇ. ಬೆಲೆ ಇಪ್ಪತ್ತೆರಡಕ್ಕೆ ಇಳಿಯಿತು. ಆಮೇಲೆ ಹತ್ತೊಂಬತ್ತು. ನೆವಿಲ್‌ನ ಕುತ್ತಿಗೆಗೆ ಬಂದಿದೆ ಎಂದು ಕ್ಲಬ್ಬಿಗೆಲ್ಲ ಗೊತ್ತಿತ್ತು, ಇನ್ನೂ ಇಳಿಯಲಿ ಎಂದು ಎಲ್ಲರೂ ಕಾದರು. ಹದಿನೇಳು ಎಂದು ಕಂಡ ದಿನ ಗ್ಲೆನಿಸ್ ಬ್ಯಾಂಕಿಗೆ ಹೋಗಿ ಹದಿನೈದು ಸಾವಿರದ ಚೆಕ್ ಮಾಡಿಸಿಕೊಂಡು, ಟ್ಯಾಕ್ಸಿ ಹಿಡಿದು ಅವನ ಮನೆಗೆ ಹೋದಳು.

ನೆವಿಲ್ ಶೆಡ್ಡಿನಲ್ಲಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ತಬ್ಬಿಬ್ಬಾದ.

“ನೀನಾ? ಕಾರಿಗಾ ಬಂದಿರೋದು?”

“ಮತ್ತೆ ನಿನ್ನ ಮುಖ ನೋಡೋಕಾ?”

ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. ಬಣ್ಣ ಅಲ್ಲಲ್ಲಿ ಮಂಕಾಗಿತ್ತು. ಒಳಗೆ ಕೂತು ಡ್ಯಾಶಿನ ಕೆಳಗೆ ಕೈ ಹಾಕಿದಳು. ಪ್ರತಿ ವೈರಿಗೂ ಅವಳು ಸುತ್ತಿದ ಬಿಳಿ ಟೇಪಿನ ಚೀಟಿಗಳು ಬೆರಳಿಗೆ ಸಿಕ್ಕಿದವು. ಬಗ್ಗಿ ನೋಡಿದಳು: ‘ಎಡ ದೀಪ’, ‘ಹಾರ್ನ್’, ‘ವೈಪರ್’, ಅವಳದೇ ಅಕ್ಷರ. ಒಂದೂ ಕಿತ್ತಿರಲಿಲ್ಲ. ಕಣ್ಣು ತುಂಬಿತು, ಅವಳು ಹಾಗೇ ಬಗ್ಗಿಕೊಂಡು ಸ್ವಲ್ಪ ಹೊತ್ತು ಕೂತಳು.

“ಹದಿನೈದು,” ಎಂದಳು ಇಳಿದು ಬಂದು.

“ಹದಿನೇಳು ಅಂತ ಹಾಕಿದೀನಲ್ಲ!”

“ಗೋದಾಮಿನ ಬಾಡಿಗೆ ದಿನಕ್ಕೆ ನೂರಾ ನಲವತ್ತು. ನೀನು ಇನ್ನೂ ಎರಡು ವಾರ ಕಾದ್ರೆ ಆ ಎರಡು ಸಾವಿರ ಅಲ್ಲಿಗೇ ಹೋಗುತ್ತೆ. ಬೇಕಾದ್ರೆ ಕಾಯಿ.”

ನೆವಿಲ್‌ಗೆ ಮೆಲ್ಲಗೆ ಒಂದು ವಿಷಯ ಹೊಳೆಯಿತು. “ಬಾಡಿಗೆ ಎಷ್ಟೂಂತ ನಿನಗೆ ಹೆಂಗೆ... ಗ್ಲೆನ್, ನಿನಗೆ ಗೊತ್ತಿತ್ತು ಅಲ್ವಾ? ಆಸ್ಬೆಸ್ಟಾಸ್ ವಿಷಯ?”

“ಗೊತ್ತಿತ್ತು.”

“ಹೇಳ್ಬಹುದಿತ್ತಲ್ಲೇ! ಒಂದು ಮಾತು!”

“ಕಣ್ಣಾಡಿಸಿ ಕೊಡ್ಲಾ ಅಂದೆ. ನಿನ್ನ ತಲೆ ಬೇಡ, ಪುಸ್ತಕ ಸಾಕು ಅಂದೆ ನೀನು. ಪುಸ್ತಕ ಕೊಟ್ಟೆ. ಮರೆತದ್ದಕ್ಕೆ ಅಂತ ನಾನು ಬರೆದಿದ್ದನ್ನ ಗೀಟು ಹಾಕಿ ಹೊಡೆದೋನು ನೀನು. ನಿನ್ನ ಪೆನ್ನು, ನಿನ್ನ ಕೈ.”

ಅವನು ಬೆಂಚಿನ ಮೇಲೆ ಕೂತು ಕಡೆಗೆ ಹೇಳಿದ, “ತಗೊಂಡು ಹೋಗು. ಹದಿನೈದು.”

“ಇನ್ನೂ ಒಂದಿದೆ.” ಗ್ಲೆನಿಸ್ ಚೆಕ್ಕನ್ನು ಕೈಚೀಲದಿಂದ ತೆಗೆದಳು, ಆದರೆ ಕೊಡಲಿಲ್ಲ. “ಟೀ ಮಾಡ್ಕೊಂಡು ಬಾ.”

“ಏನು?”

“ಟೀ ನೆವ್, ಟೀ. ಗಂಟಲು ಒಣಗಿದೆ.”

ಅವಳಿಗೆ ಹುಚ್ಚು ಹಿಡಿದಿದೆಯೇ ಎಂಬಂತೆ ನೋಡಿ, ಚೆಕ್ಕನ್ನೂ ನೋಡಿ, ಅವನು ಎದ್ದು ಒಳಗೆ ಹೋದ. ಐದು ನಿಮಿಷ ಕಪ್ ಸಾಸರುಗಳ ಸದ್ದು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಬಂತು.

“ಸಕ್ಕರೆ ಎಷ್ಟು ನಿಂಗೆ?”

ಇಪ್ಪತ್ತೇಳು ವರ್ಷ! ಗ್ಲೆನಿಸ್ ಜೀವಮಾನದಲ್ಲಿ ಟೀಗೆ ಸಕ್ಕರೆ ಹಾಕಿಕೊಂಡವಳಲ್ಲ. ಅವಳು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ನೋವಾಯಿತು. ಕಾರಿನ ಕಡೆ ತಿರುಗಿಕೊಂಡಳು. ಅವನು ತನ್ನ ಲೆಕ್ಕದಲ್ಲಿ ಮೂರು ಚಮಚ ಹಾಕಿಕೊಂಡು ಬಂದ. ಅವಳು ಆ ಪಾಕದಂಥ ಟೀಯನ್ನು, ಹಸಿರು ಕಾರಿಗೆ ಒರಗಿ ನಿಂತು, ಕೊನೆಯ ಹನಿಯವರೆಗೂ ಕುಡಿದಳು. ಕುಡಿಯದಿದ್ದರೆ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಆಮೇಲೆ ಚೆಕ್ ಕೊಟ್ಟು, ಕಾಗದಗಳಿಗೆ ಸಹಿ ಹಾಕಿಸಿಕೊಂಡು, ಕೀ ತಿರುಗಿಸಿದಳು. ಒಂದೇ ಸಲಕ್ಕೆ ಎಂಜಿನ್ ಗುಡುಗಿತು. ಹಾಳಾದವನು, ಎಂಜಿನ್ನನ್ನು ಮಾತ್ರ ಚೆನ್ನಾಗಿ ಕೂರಿಸಿದ್ದ.

ಮಾರ್ಚಿನ ಪ್ರದರ್ಶನಕ್ಕೆ ಹಸಿರು ಕಾರು ಅದೇ ಹಸಿರನ್ನು ಹೊಸದಾಗಿ ಬಳಿಸಿಕೊಂಡು ಬಂತು. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಗ್ಲೆನಿಸ್ ಕೂತಿದ್ದಳು. ಗಾಜಿನ ಮೇಲಿನ ಕಾರ್ಡಿನ ಸುತ್ತ ಜನ ಸೇರಿ ನಗುತ್ತಿದ್ದರು. ನೆವಿಲ್ ಬಂದದ್ದು ಮಧ್ಯಾಹ್ನದ ಹೊತ್ತಿಗೆ, ಬರಿಗೈಯಲ್ಲಿ. ಅವನ ಹೊಸ ಕಿಟ್ಟು ಅಂತೂ ಬಂದರಿನಿಂದ ಬಿಡುಗಡೆಯಾಗಿ ಶೆಡ್ಡು ಸೇರಿತ್ತು, ಆದರೆ ಎಂಜಿನ್ನಿಲ್ಲ, ಎಂಜಿನ್ನಿಗೆ ದುಡ್ಡಿಲ್ಲ. ನಗುವ ಜನ ಅವನನ್ನು ಕಂಡು ದಾರಿ ಬಿಟ್ಟರು. ಅವನು ಬಗ್ಗಿ ಓದಿದ.

‘ಕಿಟ್ ತರಿಸಿ ಮನೆಯಲ್ಲೇ ಕಟ್ಟಿದ ಕಾರು. ಕಟ್ಟಿದವರು: ಗ್ಲೆನಿಸ್ ಪ್ಯಾಸ್ಕೋ. ಟೀ ಮಾಡಿಕೊಟ್ಟವರು: ನೆವಿಲ್.’

ಅವನ ಕಿವಿ ಕೆಂಪಾಯಿತು. “ಗ್ಲೆನ್! ಎಂಜಿನ್ ಕೂರಿಸಿದ್ದು ನಾನು. ಸಸ್ಪೆನ್ಷನ್ ನಾನು. ಆರು ವರ್ಷ ಬೆನ್ನು ಮುರ್ಕೊಂಡಿದೀನಿ ನಾನು!”

“ಹೌದು.”

“ಹೌದಾ? ಮತ್ತೆ ಇದೇನಿದು, ಸುಳ್ಳು!”

“ಅರ್ಧ ಸುಳ್ಳು. ಬರೆದಿರೋದು ನೀನೇ, ನಾನು ಹೆಸರು ಆಚೀಚೆ ಮಾಡಿದೀನಿ ಅಷ್ಟೇ. ಟೀ ಅಂತೂ ನೂರಕ್ಕೆ ನೂರು ನಿಜ. ಕುಡಿದೋಳು ನಾನೇ.” ಗ್ಲೆನಿಸ್ ಕುರ್ಚಿಯಲ್ಲಿ ಒರಗಿ ಅವನ ಮುಖವನ್ನು ಸಾವಕಾಶವಾಗಿ ನೋಡಿದಳು. “ಹೇಳು, ಹೆಂಗನ್ಸುತ್ತೆ?”

ಅವನು ಸುತ್ತ ನೋಡಿದ, ಯಾರಾದರೂ ತನ್ನ ಪರ ಮಾತಾಡುತ್ತಾರೇನೋ ಎಂದು. ಎಂಜಿನ್ನು ಕೂರಿಸುವಾಗ ಕೈ ಜೋಡಿಸಿದ್ದ ಇಬ್ಬರು ಅಲ್ಲೇ ನಿಂತಿದ್ದರು. ಅವರು ಬೂಟು ನೋಡಿಕೊಂಡರು. ಮರ್ವ್ ಸಾಸೇಜಿನ ಇಕ್ಕಳ ಹಿಡಿದುಕೊಂಡೇ ಕೂಗಿದ, “ಏನ್ ನೆವ್, ನಮಗೂ ಒಂದ್ ಕಪ್ ಸಿಗುತ್ತಾ?”

ಮೈದಾನವೆಲ್ಲ ಘೊಳ್ಳೆಂದಿತು. ನೆವಿಲ್ ನಗಲು ನೋಡಿದ. ಹತ್ತು ವರ್ಷದ ಹಿಂದೆ ಗ್ಲೆನಿಸ್ ಇದೇ ಹುಲ್ಲಿನ ಮೇಲೆ ನಿಂತು ನಕ್ಕ ನಗು ಅದು. ಅವಳಿಗೆ ಅದರ ಗುರುತು ಚೆನ್ನಾಗಿ ಸಿಕ್ಕಿತು. ಅವನು ತಲೆ ತಗ್ಗಿಸಿಕೊಂಡು ಗೇಟಿನವರೆಗೆ ನಡೆದು ಹೋಗುವುದನ್ನು ಪೂರಾ ನೋಡಿದಳು. ಆಮೇಲೆ ಕೈಚೀಲದಿಂದ ಹಳೆಯ ಕಾರ್ಡನ್ನು ತೆಗೆದು, ನಾಲ್ಕು ಚೂರು ಮಾಡಿ, ಸಾಸೇಜು ಸುಡುವ ಬೆಂಕಿಗೆ ಹಾಕಿ ಬಂದಳು.